ಅರಿವಳಿಕೆ ವೈದ್ಯರ ಶಿಕ್ಷಣ

ಶಸ್ತ್ರಕ್ರಿಯೆಯಾಗಿ ರೋಗಿಯು ಗುಣಹೊಂದಿ ಮನೆಗೆ ಬಂದಾಗ ಬಂಧುಬಾಂಧವರು ಶಸ್ತ್ರವೈದ್ಯನ ಹೆಸರನ್ನು ಹೇಳಿ ಕೊಂಡಾಡುವುದು ಲೋಕರೂಢಿ. ಆ ಹೊತ್ತಿನಲ್ಲಿ ರೋಗಿಯ ತಲೆಯ ಬಳಿ ನಿಂತು ಅವನ ಉಸಿರನ್ನೂ ನಾಡಿಯನ್ನೂ ರಕ್ತದೊತ್ತಡವನ್ನೂ ಕಾಯ್ದ ಇನ್ನೊಬ್ಬ ವೈದ್ಯನ ಹೆಸರು ಅನೇಕರಿಗೆ ತಿಳಿದೇ ಇರುವುದಿಲ್ಲ. ಅರಿವಳಿಕೆಯ ವೈದ್ಯನೆಂದರೆ ಸೂಜಿ ಚುಚ್ಚಿ ನಿದ್ರೆ ಬರಿಸುವವನೆಂಬುದೇ ಬಹುಜನರ ಭಾವನೆ. ಈ ಭಾವನೆಯು ಜನಸಾಮಾನ್ಯರಲ್ಲಿದ್ದರೆ ಕ್ಷಮಿಸಬಹುದು. ಆಸ್ಪತ್ರೆಗಳನ್ನು ನಡೆಸುವ ಅಧಿಕಾರಿವರ್ಗದಲ್ಲಿಯೂ ಬೇರೂರಿರುವುದು ವಿಷಾದಕರ. ಆದುದರಿಂದ ಈ ವೈದ್ಯರನ್ನು ಸಿದ್ಧಪಡಿಸುವ ಕ್ರಮದ ವಿಷಯವಾಗಿ ಎರಡು ಮಾತುಗಳನ್ನು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಅರಿವಳಿಕೆಯು ನಿದ್ರೆಯಲ್ಲ. ನಿದ್ರಿಸುವವನನ್ನು ತಟ್ಟಿದರೆ ಏಳುವನು. ಅರಿವಳಿಕೆಗೆ ಒಳಗಾದವನು ಏಳನು. ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಕೊಟ್ಟೊಡನೆ ಅವನ ಉಸಿರಾಟವೇ ನಿಲ್ಲುವುದು. ಶ್ವಾಸನಾಳದೊಳಕ್ಕೆ ನಳಿಗೆಯನ್ನು ಇಳಿಸಿ ಪ್ರಾಣವಾಯುವನ್ನು ಒದಗಿಸುವುದಕ್ಕೆ ವೈದ್ಯನಿಗೆ ದೊರೆಯುವುದು ಕೆಲವೇ ನಿಮಿಷಗಳು. ಗರ್ಭಿಣಿಯರಲ್ಲಿಯೂ ಎಳೆಗೂಸುಗಳಲ್ಲಿಯೂ ಆ ಅವಧಿಯು ಇನ್ನೂ ಕಿರಿದು. ಮೆದುಳಿಗೆ ಪ್ರಾಣವಾಯು ತಪ್ಪಿ ನಾಲ್ಕೈದು ನಿಮಿಷ ಕಳೆದರೆ ಆಗುವ ಹಾನಿಯನ್ನು ಯಾವ ಧನ್ವಂತರಿಯೂ ಸರಿಪಡಿಸಲಾರನು. ಯಂತ್ರಗಳು ಅಪಾಯವನ್ನು ಸೂಚಿಸಿ ಕೂಗಬಲ್ಲವು. ಏನು ಮಾಡಬೇಕೆಂಬುದನ್ನು ಕೈಯೂ ಬುದ್ಧಿಯೂ ಮೊದಲೇ ಕಲಿತಿರಬೇಕು. ಪುಸ್ತಕವನ್ನೋದಿ ಈಜು ಕಲಿತವರಿಲ್ಲ.

ಈ ವಿದ್ಯೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. 1846ನೆಯ ಅಕ್ಟೋಬರ್ 16ರಂದು ಬೋಸ್ಟನ್ ನಗರದಲ್ಲಿ ಮಾರ್ಟನ್ ಎಂಬಾತನು ಈಥರನ್ನು ಬಹಿರಂಗವಾಗಿ ಪ್ರಯೋಗಿಸಿ ತೋರಿಸಿದನು. ಮರುವರ್ಷವೇ ಅದು ಕಲ್ಕತ್ತೆಯನ್ನು ಮುಟ್ಟಿತು. ಅದೇ ವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ ಕ್ಲೋರೊಫಾರ್ಮನ್ನು ಬಳಕೆಗೆ ತಂದನು. 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಬಳಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲೆಂದು ಕ್ಲೋರೊಫಾರ್ಮ್ ಪಡೆದ 15 ವರ್ಷದ ಬಾಲಿಕೆಯೊಬ್ಬಳು ಕೆಲವೇ ನಿಮಿಷಗಳಲ್ಲಿ ಮೃತಳಾದಳು. ರೋಗವು ಕ್ಷುಲ್ಲಕ, ಅರಿವಳಿಕೆಯು ಮಾರಕ! ಕಾರಣವನ್ನು ಅರಸಿ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ಕುಳಿತವು. ನಮ್ಮ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳನ್ನು ಒಳಗೊಂಡಿದ್ದ ಆ ಸಂಸ್ಥಾನದ ನಿಜಾಮರೇ ವೆಚ್ಚಕ್ಕೆ ನೆರವಾದರು. ಉಸಿರಾಟವನ್ನು ಕಾಯ್ದರೆ ಸಾಕು, ಹೃದಯಕ್ಕೆ ನೇರವಾದ ಭಯವಿಲ್ಲವೆಂದು ಆಯೋಗದ ಮುಖ್ಯಸ್ಥ ಲಾರೀ ಸಾರಿದನು. ಕ್ಲೋರೊಫಾರ್ಮು ಹೃದಯದ ಗತಿಯನ್ನೇ ಕೆಡಿಸಿ ಕೊಲ್ಲಬಲ್ಲದೆಂದು 1911ರಲ್ಲಿ ಲೀವಿ ತೋರಿಸಿಕೊಟ್ಟನು. ನೂರಾರು ಪ್ರಯೋಗಗಳನ್ನು ಮಾಡಿದ ಪಂಡಿತರೇ ಎಡವಿದ ಹಾದಿಯಲ್ಲಿ ಎಳೆಯ ವೈದ್ಯನೊಬ್ಬನು ಏಕಾಂಗಿಯಾಗಿ ನಡೆಯಬಲ್ಲನೆಂದು ನಂಬುವುದು ಸಾಹಸವೇ ಸರಿ.

ಹೀಗೆ ಅನುಭವದಿಂದ ಪಾಠ ಕಲಿತ ದೇಶಗಳು ಈ ವಿದ್ಯೆಗೆ ಪ್ರತ್ಯೇಕ ಗುರುಕುಲವನ್ನು ಕಟ್ಟಿದವು. 1927ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ವಾಟರ್ಸ್ ಅವರು, ಶಿಷ್ಯರು ಆಸ್ಪತ್ರೆಯಲ್ಲಿಯೇ ಇದ್ದು ಗುರುವಿನ ಕಣ್ಣೆದುರಿಗೆ ಕಲಿಯುವ ರೆಸಿಡೆನ್ಸಿ ಪದ್ಧತಿಯನ್ನು ಈ ಶಾಸ್ತ್ರಕ್ಕೆ ಹೊಂದಿಸಿದರು. 1937ರಲ್ಲಿ ಆಕ್ಸ್‌ಫರ್ಡಿನಲ್ಲಿ ಇದಕ್ಕಾಗಿ ಪ್ರಾಧ್ಯಾಪಕಪೀಠವೇ ಸ್ಥಾಪಿತವಾಯಿತು. ನಮ್ಮಲ್ಲಿ ಅರಿವಳಿಕೆ ವೈದ್ಯರ ಸಂಘವು 1947ರಲ್ಲಿ ಹುಟ್ಟಿತು. ಇಂದು ಎಂ.ಬಿ.ಬಿ.ಎಸ್. ಮುಗಿಸಿದವರು ಮೂರು ವರ್ಷ ರೆಸಿಡೆಂಟರಾಗಿದ್ದು ಎಂ.ಡಿ. ಪದವಿಯನ್ನು ಪಡೆಯುತ್ತಾರೆ. ಶಸ್ತ್ರಕ್ರಿಯೆಗೆ ಮುನ್ನ ರೋಗಿಯನ್ನು ಪರೀಕ್ಷಿಸುವುದು, ಯಂತ್ರವನ್ನು ಸರಿನೋಡುವುದು, ಬೆನ್ನುಹುರಿಯ ಬಳಿ ಸೂಜಿ ಹಾಕುವುದು, ತೀವ್ರನಿಗಾ ಘಟಕದಲ್ಲಿ ವೆಂಟಿಲೇಟರ್ ನಡೆಸುವುದು, ಇವೆಲ್ಲವೂ ಆ ಮೂರು ವರ್ಷಗಳ ಪಾಠ. 2020 ಮತ್ತು 2021ರ ಕೋವಿಡ್ ಮಹಾಮಾರಿಯ ಕಾಲದಲ್ಲಿ ಈ ಪಾಠದ ಬೆಲೆಯನ್ನು ದೇಶವೆಲ್ಲ ಕಂಡಿತು.

ಪದ್ಧತಿಯು ಒಳ್ಳೆಯದೇ. ಅದನ್ನು ನಡೆಸುವ ರೀತಿಯ ಬಗೆಗೆ ನಮ್ಮ ಆಕ್ಷೇಪಣೆ. ರೆಸಿಡೆಂಟನು ವಿದ್ಯಾರ್ಥಿಯೋ ಕೂಲಿಯಾಳೋ ಎಂಬ ಪ್ರಶ್ನೆಗೆ ಅನೇಕ ಆಸ್ಪತ್ರೆಗಳ ಆಚರಣೆಯು ಕೊಡುವ ಉತ್ತರ ಸಮಾಧಾನಕರವಾಗಿಲ್ಲ. ಹಗಲಿನಲ್ಲಿ ಗುರುಗಳಿರುತ್ತಾರೆ, ನಡುರಾತ್ರಿಯಲ್ಲಿ ಅಪಘಾತದ ಗಾಯಾಳುವೋ ಪ್ರಸವಸಂಕಟದ ಹೆಣ್ಣುಮಗಳೋ ಬಂದಾಗ, ಅಂದರೆ ಗುರುವಿನ ಅಗತ್ಯ ಅತ್ಯಧಿಕವಾಗಿರುವಾಗ, ಗುರುವು ದೂರವಾಣಿಯ ಮತ್ತೊಂದು ತುದಿಯಲ್ಲಿರುತ್ತಾನೆ. ರೆಸಿಡೆಂಟರ ಕೆಲಸವು ಒಂದೇ ಸಮನೆ 12 ಗಂಟೆಗಳನ್ನು ಸಾಮಾನ್ಯವಾಗಿ ಮೀರಬಾರದೆಂದೂ ವಾರಕ್ಕೊಂದು ದಿನ ಬಿಡುವಿರಬೇಕೆಂದೂ ಕೇಂದ್ರ ಸರಕಾರವು 1992ರಲ್ಲಿಯೇ ಆಜ್ಞಾಪಿಸಿತು. 2023ರ ನಿಯಮಗಳಾದರೋ ಗಂಟೆಗಳ ಲೆಕ್ಕವನ್ನು ಬಿಟ್ಟು ಕೆಲಸವು ‘ಸಮಂಜಸ’ವಾಗಿರಲಿ ಎಂದಷ್ಟೇ ಹೇಳುತ್ತವೆ. ಸಮಂಜಸವೆಂದರೆ ಎಷ್ಟೆಂಬುದನ್ನು ನಿರ್ಣಯಿಸುವವರು ಯಾರು? ನಿದ್ದೆಗೆಟ್ಟ ಕಣ್ಣುಗಳ ಮುಂದೆ ಮಲಗುವ ರೋಗಿಯಂತೂ ಅಲ್ಲ.

ವೈದ್ಯರ ಕೊರತೆಯಿರುವಾಗ ಇಷ್ಟೊಂದು ನಿಯಮಗಳನ್ನು ಹೇರಿದರೆ ಶಸ್ತ್ರಕ್ರಿಯೆಗಳೇ ನಿಂತುಹೋಗುವುವೆಂದು ಕೆಲವರು ಹೇಳುವರು. ಕೊರತೆಯು ನಿಜ. ಲಕ್ಷ ಜನರಿಗೆ ಕನಿಷ್ಠ ಐವರು ಅರಿವಳಿಕೆ ವೈದ್ಯರಿರಬೇಕೆಂಬುದು ಅಂತಾರಾಷ್ಟ್ರೀಯ ಒಕ್ಕೂಟದ ಮಾನದಂಡ. 2017ರಲ್ಲಿ ಪ್ರಕಟವಾದ ಅದರ ಗಣನೆಯಲ್ಲಿ ನಮ್ಮ ದೇಶದ ಲೆಕ್ಕವು ಒಂದಕ್ಕಿಂತ ತುಸುವೇ ಮೇಲಿತ್ತು. ಹೆರಿಗೆಯ ವೈದ್ಯರಿದ್ದು, ಶಸ್ತ್ರಾಗಾರವಿದ್ದು, ಅರಿವಳಿಕೆಯವರಿಲ್ಲವೆಂಬ ಕಾರಣದಿಂದಲೇ ಗರ್ಭಿಣಿಯನ್ನು ತಾಲ್ಲೂಕಿನಿಂದ ಜಿಲ್ಲೆಗೆ ಸಾಗಹಾಕುವುದನ್ನು ನಾವೂ ಬಲ್ಲೆವು. ಈ ಸಂಕಟಕ್ಕಾಗಿಯೇ ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರಗಳ ಅರಿವಳಿಕೆಯ ತರಬೇತಿಯನ್ನು ಕೊಡುವ ಯೋಜನೆಯನ್ನು ಸರಕಾರವು ಹೂಡಿತು. ತುರ್ತು ಹೆರಿಗೆಯ ಮಟ್ಟಿಗೆ ಅದು ಉಪಕಾರಿ. ಆದರೆ ಅದು ಊರುಗೋಲೇ ಹೊರತು ಕಾಲಲ್ಲ. 2020ರಿಂದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಿಗೆ ಕಳುಹಿಸುವ ಕ್ರಮವೂ ಬಂದಿದೆ. ಅಲ್ಲಿ ಕಲಿಸುವವರಿದ್ದರೆ ಅದು ಶಿಕ್ಷಣ. ಇಲ್ಲದಿದ್ದರೆ ಖಾಲಿ ಹುದ್ದೆಗೆ ಹಾಕಿದ ತೇಪೆ. ಕೊರತೆಯ ಹೆಸರಿನಲ್ಲಿ ಅರೆಕಲಿತವರನ್ನು ಒಂಟಿಯಾಗಿ ನಿಲ್ಲಿಸಿದರೆ ಕೊರತೆಯು ತೀರುವುದಿಲ್ಲ; ಅದರ ಭಾರವನ್ನು ಸರಕಾರದ ತಲೆಯಿಂದ ಬಡ ರೋಗಿಯ ತಲೆಗೆ ಹೊರಿಸಿದಂತಾಗುತ್ತದೆ. ಹಣವಂತನು ಅನುಭವಿ ವೈದ್ಯನನ್ನು ಅರಸಿ ಹೋಗಬಲ್ಲನು. ಸರಕಾರಿ ಆಸ್ಪತ್ರೆಯನ್ನೇ ನಂಬಿದವನಿಗೆ ಆ ಆಯ್ಕೆಯಿಲ್ಲ.

ಆದುದರಿಂದ ಸರಕಾರದವರೂ ವೈದ್ಯವಿದ್ಯಾಲಯಗಳ ಮುಖ್ಯಸ್ಥರೂ ಕೂಡಲೇ ಮಾಡತಕ್ಕ ಕಾರ್ಯಗಳು ನಾಲ್ಕು. ಯಾವ ಬಗೆಯ ರೋಗಿಯನ್ನು ನಿರ್ವಹಿಸಲು ವಿದ್ಯಾರ್ಥಿಯು ಸಮರ್ಥನಾಗಿರುವನೆಂಬುದನ್ನು ಗುರುವು ಸ್ವಹಸ್ತದಿಂದ ಬರೆದುಕೊಡುವವರೆಗೆ ಅವನನ್ನು ಅಲ್ಲಿ ಒಂಟಿಯಾಗಿ ನಿಲ್ಲಿಸಕೂಡದು. ರಾತ್ರಿಯ ಪಾಳಿಯಲ್ಲಿ ಹಿರಿಯ ವೈದ್ಯರೊಬ್ಬರು ಆಸ್ಪತ್ರೆಯ ಆವರಣದೊಳಗೇ ಇರತಕ್ಕದ್ದು. 1992ರ ಗಂಟೆಗಳ ಮಿತಿಯನ್ನು ಮತ್ತೆ ಅಂಕಿಗಳಲ್ಲಿಯೇ ಬರೆದು, ಪಾಳಿಯ ಪಟ್ಟಿಯನ್ನು ಎಲ್ಲರೂ ಕಾಣುವಂತೆ ಹಚ್ಚಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಖಾಲಿ ಇರುವ ತಜ್ಞರ ಹುದ್ದೆಗಳನ್ನು ಮೊದಲು ತುಂಬಿ, ಬಳಿಕ ವಿದ್ಯಾರ್ಥಿಗಳನ್ನು ಕಳುಹಿಸಬೇಕು.

ಇವುಗಳಿಗೆ ಹಣ ಬೇಕೆಂಬುದನ್ನು ನಾವು ಮರೆತಿಲ್ಲ. ಕಟ್ಟಡಗಳಿಗೂ ಯಂತ್ರಗಳಿಗೂ ಹಣ ದೊರೆಯುವಾಗ ಅವುಗಳನ್ನು ನಡೆಸುವ ಕೈಗಳನ್ನು ಪಳಗಿಸುವುದಕ್ಕೆ ಮಾತ್ರ ಬೊಕ್ಕಸವು ಬರಿದಾಗಬಾರದು. ರೋಗಿಯು ತನ್ನ ಅರಿವನ್ನೇ ಮತ್ತೊಬ್ಬನ ಕೈಗೆ ಒಪ್ಪಿಸಿ ಮಲಗುತ್ತಾನೆ. ಆಗ ತಾನು ಪ್ರಶ್ನಿಸಲಾರನು, ಪ್ರತಿಭಟಿಸಲಾರನು. ಅವನ ಪರವಾಗಿ ಎಚ್ಚರವಾಗಿರಬೇಕಾದುದು ಸರಕಾರದ ಹೊಣೆ. ಮುಂದಿನ ಆಯವ್ಯಯದ ಸಿದ್ಧತೆಯಲ್ಲಿ ಆರೋಗ್ಯಮಂತ್ರಿಗಳು ಈ ಹೊಣೆಯನ್ನು ನೆನೆಯುವರೆಂದು ಆಶಿಸುತ್ತೇವೆ.