ಹಳೇ ಲಾರಿಯ ಎಕ್ಸಾಸ್ಟ್ ಲೀಕ್: ಸಿಲಿಕೋನ್ ಪೇಸ್ಟ್ ಹಚ್ಚಿದರೆ ಸಾಕೇ?

‘ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋದರೆ ಹೊಸದಕ್ಕೆ ದುಡ್ಡು ಸುರಿಯಬೇಡಿ, ಕೆಂಪು ಸಿಲಿಕೋನ್ ಹಚ್ಚಿ ಬೋಲ್ಟ್ ಬಿಗಿ ಮಾಡಿ’ ಎಂಬ ಸಲಹೆ ಲಾರಿ ಇಟ್ಟುಕೊಂಡವರ ನಡುವೆ ಓಡಾಡುತ್ತಲೇ ಇರುತ್ತದೆ. ಹಚ್ಚಿದ ಮೊದಲಿಗೆ ಸದ್ದು ನಿಂತಂತೆ ಕಾಣುತ್ತದೆ, ಆಮೇಲೆ ಮತ್ತದೇ ಟಿಕ್ ಟಿಕ್. ಕೆಂಪು ಸಿಲಿಕೋನ್ ತಡೆಯುವುದು ಹೆಚ್ಚೆಂದರೆ 300ರಿಂದ 350 ಡಿಗ್ರಿ ಸೆಲ್ಸಿಯಸ್. ಲೋಡ್ ಹೊತ್ತು ಘಾಟಿ ಹತ್ತುವ ಟರ್ಬೊ ಡೀಸೆಲ್‌ನಲ್ಲಿ ಸಿಲಿಂಡರಿನಿಂದ ಹೊರಬರುವ ಹೊಗೆಯ ಬಿಸಿ 600 ಡಿಗ್ರಿ ಮುಟ್ಟಬಹುದು. ಪೇಸ್ಟ್ ಸುಟ್ಟು ಪುಡಿಯಾಗದೆ ಇನ್ನೇನಾದೀತು?

ಸದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹೊಗೆ ಟರ್ಬೊ ತಲುಪುವ ಮೊದಲೇ ಸೋರಿದರೆ ಎಂಜಿನ್ನಿಗೆ ಗಾಳಿ ಕಡಿಮೆಯಾಗಿ ಎಳೆತ ತಗ್ಗುತ್ತದೆ, ಕಪ್ಪು ಹೊಗೆ ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಕ್ಯಾಬಿನ್ನಿನದು. ನಮ್ಮ ಹಳೇ ಲಾರಿಗಳಲ್ಲಿ ಎಂಜಿನ್ ಹೆಚ್ಚಾಗಿ ಚಾಲಕನ ಪಕ್ಕದಲ್ಲೋ ಕಾಲಡಿಯಲ್ಲೋ ಇರುತ್ತದೆ. ಮುಚ್ಚಳದ ರಬ್ಬರ್ ಹರಿದಿದ್ದರೆ ಹೊಗೆ ನೇರ ಒಳಕ್ಕೇ. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಪೆಟ್ರೋಲಿಗಿಂತ ಕಡಿಮೆ, ಆದರೆ ಇಲ್ಲವೆಂದಲ್ಲ. ಅದಕ್ಕೆ ವಾಸನೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಎಂಜಿನ್ ಚಾಲೂ ಇಟ್ಟು ಒಳಗೇ ಮಲಗುವ ಕ್ಲೀನರ್ ಹುಡುಗನನ್ನು ನೆನೆಸಿಕೊಳ್ಳಿ.

ಹಾಗಾದರೆ ಹೊಸ ಗ್ಯಾಸ್ಕೆಟ್ ಹಾಕಿದರೆ ಮುಗಿಯಿತೇ? ಅದೂ ಇಲ್ಲ. ಹಳೇ ಟಾಟಾ ಲಾರಿಗಳಲ್ಲಿ ಬರುತ್ತಿದ್ದ ಆರು ಸಿಲಿಂಡರಿನ ಕಮಿನ್ಸ್ 6ಬಿಟಿ ಎಂಜಿನ್ ನೋಡೋಣ. ಹೆಡ್ ನೀರಿನಿಂದ ತಣ್ಣಗಾಗುತ್ತದೆ, ಮ್ಯಾನಿಫೋಲ್ಡ್‌ಗೆ ಆ ಭಾಗ್ಯವಿಲ್ಲ. 60 ಸೆಂ.ಮೀ. ಉದ್ದದ ಎರಕದ ಕಬ್ಬಿಣ 500 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ವರ್ಷಗಟ್ಟಲೆ ಹೀಗೆ ಹಿಗ್ಗಿ ಕುಗ್ಗಿ ಅದು ಸೊಟ್ಟಗಾಗುತ್ತದೆ, ತುದಿಯ ಬೋಲ್ಟ್‌ಗಳು ತುಂಡಾಗುತ್ತವೆ. ಸೊಟ್ಟ ಲೋಹದ ಮೇಲೆ ಯಾವ ಗ್ಯಾಸ್ಕೆಟ್ಟೂ ನಿಲ್ಲದು, ಎರಡು ಜೋಡಿಸಿಟ್ಟರಂತೂ ಇನ್ನೂ ಕೆಟ್ಟದ್ದು. ಬಿಚ್ಚಿದ ಮೇಲೆ ನೇರಪಟ್ಟಿ, ಫೀಲರ್ ಗೇಜ್ ಇಟ್ಟು ಆರೂ ಮುಖ ಒಂದೇ ಮಟ್ಟದಲ್ಲಿವೆಯೇ ನೋಡಬೇಕು. ಇಲ್ಲದಿದ್ದರೆ ಮೆಷಿನ್ ಶಾಪ್‌ನಲ್ಲಿ ಮುಖ ಹೊಡೆಸಬೇಕು. ಗ್ಯಾಸ್ಕೆಟ್‌ಗಿಂತ ಈ ಖರ್ಚೇ ಹೆಚ್ಚು, ಎಲ್ಲರೂ ತಪ್ಪಿಸಿಕೊಳ್ಳುವುದೂ ಇದನ್ನೇ.

ಆಯ್ಕೆಯ ಮಾತಿಗೆ ಬಂದರೆ, ಉಕ್ಕಿನ ಗ್ಯಾಸ್ಕೆಟ್ ಬಿಸಿ ಚೆನ್ನಾಗಿ ತಡೆಯುತ್ತದೆ, ಆದರೆ ಸಪಾಟು ಮುಖ ಬೇಡುತ್ತದೆ. ಗ್ರಾಫೈಟ್ ಪದರದ್ದು ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಳ್ಳುತ್ತದೆ, ಆದರೆ ಗಾಳಿ ತಾಗಿದರೆ 450 ಡಿಗ್ರಿ ದಾಟಿದ ಮೇಲೆ ಸವೆಯತೊಡಗುತ್ತದೆ. ಸದಾ ಲೋಡ್ ಎಳೆಯುವ ಲಾರಿಗೆ ನಾವು ಉಕ್ಕನ್ನೇ ಹೇಳುತ್ತೇವೆ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬೇಡಿ.

ಹಳೇ ಗ್ಯಾಸ್ಕೆಟ್ಟಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಅದನ್ನು ಒಣಗಿದ್ದಾಗ ವೈರ್ ಬ್ರಷ್‌ನಿಂದ ಉಜ್ಜುವುದು, ಪುಡಿಯನ್ನು ಗಾಳಿ ಹೊಡೆದು ಹಾರಿಸುವುದು ಬೇಡ. ನೀರಿನಲ್ಲಿ ನೆನೆಸಿ, ಮಾಸ್ಕ್ ಹಾಕಿಕೊಂಡು ಕೆರೆಯಿರಿ.

6ಬಿಟಿಯಲ್ಲಿ ಪ್ರತಿ ಪೋರ್ಟಿಗೂ ಬೇರೆ ಗ್ಯಾಸ್ಕೆಟ್, ಒಟ್ಟು 12 ಬೋಲ್ಟ್. ಎಂಜಿನ್ ತಣ್ಣಗಿರುವಾಗ ನಡುವಿನಿಂದ ತುದಿಗಳ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಟಾರ್ಕ್ ರೆಂಚ್‌ನಿಂದ 43 ನ್ಯೂಟನ್ ಮೀಟರ್‌ವರೆಗೆ ಬಿಗಿಯಬೇಕು. ಬೇರೆ ಎಂಜಿನ್‌ಗೆ ಅದರದೇ ಮ್ಯಾನುಯಲ್. ಆಮೇಲೆ ಮರುದಿನ ಬೆಳಿಗ್ಗೆ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಡಿ. ಬಿಸಿಯಾದರೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುವುದರಿಂದ ಮಧ್ಯಾಹ್ನದ ಪರೀಕ್ಷೆಯಲ್ಲಿ ಲೀಕ್ ಸಿಕ್ಕದೇ ಹೋಗಬಹುದು. ಜಾಯಿಂಟಿನ ಪಕ್ಕ ಹೊಸದಾಗಿ ಮಸಿಯ ಗೆರೆ ಮೂಡಿದ್ದರೆ ಆ ಪೋರ್ಟ್ ಇನ್ನೂ ಸೋರುತ್ತಿದೆ ಎಂದೇ ಲೆಕ್ಕ.