ಪರದೆಯ ಮೇಲಿನ ಎರವಲು ನುಡಿ

ನಟನೊಬ್ಬನು ತಾನು ಹುಟ್ಟಿ ಬೆಳೆಯದ ಸೀಮೆಯ ಮಾತನ್ನು ಚಲಚ್ಚಿತ್ರದಲ್ಲಿ ಆಡಹೊರಟು ನಗೆಗೀಡಾಗುವದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿಯೇ. 1964ರ ‘ಮೇರಿ ಪಾಪಿನ್ಸ್’ ಚಿತ್ರದಲ್ಲಿ ಅಮೇರಿಕದ ನಟ ಡಿಕ್ ವ್ಯಾನ್ ಡೈಕ್ ಅವರು ಲಂಡನ್ನಿನ ಶ್ರಮಜೀವಿಗಳ ಕಾಕ್ನಿ ನುಡಿಯನ್ನು ಆಡಿದ ರೀತಿಯು ಆಂಗ್ಲರಲ್ಲಿ ಬಹುಕಾಲದ ವಿನೋದಕ್ಕೆ ವಸ್ತುವಾಯಿತು. 2017ರಲ್ಲಿ ಬಾಫ್ಟಾ ಸಂಸ್ಥೆಯ ಗೌರವವು ಘೋಷಿತವಾದಾಗ ಅವರು ಅದಕ್ಕಾಗಿ ನಗುತ್ತಲೇ ಕ್ಷಮೆಯನ್ನು ಬೇಡಿದರು. ಅಲ್ಲಿ ಜನರು ನಕ್ಕದ್ದು ನಟನನ್ನು ಕಂಡು. ಕಾಕ್ನಿ ಆಡುವವರನ್ನು ಕಂಡಲ್ಲ. ನಮ್ಮಲ್ಲಿಯ ಸ್ಥಿತಿಯು ಇದಕ್ಕೆ ವಿಪರೀತವಾಗಿರುವದು.

ಕನ್ನಡ ಚಿತ್ರಗಳಲ್ಲಿ ನಾಯಕನು ಬಹುಮಟ್ಟಿಗೆ ಬೆಂಗಳೂರು-ಮೈಸೂರುಗಳ ಮಾತನ್ನೇ ಆಡುವನು. ಧಾರವಾಡ, ವಿಜಯಪುರ, ಕಲಬುರ್ಗಿಗಳ ನುಡಿಯು ಅನೇಕ ವೇಳೆ ಹಾಸ್ಯಗಾರನ ಪಾಲಿಗೆ ಬೀಳುವದು. ಅದಾದರೂ ಶುದ್ಧವಾಗಿ ಬಂದೀತೆ? ಮೈಸೂರಿನ ವಾಕ್ಯದ ಬಾಲಕ್ಕೆ ಒಂದು ‘ರೀ’ ಇಲ್ಲವೆ ‘ಲೇ’ ಅಂಟಿಸಿ ದನಿಯನ್ನು ಎತ್ತರಿಸಿದರೆ ಅದು ಉತ್ತರದ ಕನ್ನಡವೆನಿಸುವದು. ‘ಎಂತ ಮಾರಾಯ’ ಎಂದರೆ ಕರಾವಳಿಯದಾಗುವದು.

ಈ ನುಡಿಗಳು ಕೆಟ್ಟುಹೋದ ಕನ್ನಡವಲ್ಲ. ಪ್ರತಿಯೊಂದಕ್ಕೂ ತನ್ನದೇ ಆದ ವ್ಯಾಕರಣವುಂಟು. ‘ಮನ್ಯಾಗ’ ಎಂಬಲ್ಲಿ ‘ಮನೆಯೊಳಗೆ’ ಎಂಬುದೇ ಸಂಕ್ಷೇಪಗೊಂಡಿದೆ. ‘ಮಾಡಾಕತ್ತೇನಿ’ ಎಂಬಲ್ಲಿ ‘ಹತ್ತು’ ಧಾತುವು ಅಡಗಿದೆ. ಕುಂದಾಪುರದವರ ‘ಬಪ್ಪುದು’ ಎಂಬ ಮಾತಿನಲ್ಲಿ ಹಳಗನ್ನಡದ ‘ಬರ್ಪ’ ರೂಪವು ಇಂದಿಗೂ ಉಸಿರಾಡುತ್ತಿದೆ. ಇವನ್ನರಿಯದೆ ಆಡಿದ ಅಣಕವನ್ನು ಕೇಳಿ ಇತರ ಸೀಮೆಯವರು ಅದೇ ಅಲ್ಲಿಯ ಭಾಷೆಯೆಂದು ನಂಬುವರು. ಆ ಸೀಮೆಯ ಬಾಲಕನಾದರೋ ತನ್ನ ತಾಯಿಯ ಮಾತು ನಗೆಯ ಸರಕೆಂದು ಕಲಿಯುವನು. 1956ರಲ್ಲಿ ಒಂದೇ ಆಡಳಿತದ ಕೆಳಗೆ ಬಂದ ಸೀಮೆಗಳು ಪರಸ್ಪರರನ್ನು ಅರಿಯಬೇಕಾದ ಬಗೆಯು ಇದಲ್ಲ.

ಅಚ್ಚ ಪ್ರಾಂತೀಯ ನುಡಿಯನ್ನು ಬಳಸಿದರೆ ಇತರರಿಗೆ ತಿಳಿಯದು, ಹಣ ಹುಟ್ಟದು ಎಂದು ಚಿತ್ರೋದ್ಯಮಿಗಳು ವಾದಿಸುವರು. ಈ ವಾದವು ಸಾಕ್ಷ್ಯದ ಮುಂದೆ ನಿಲ್ಲಲಾರದು. 2015ರ ‘ತಿಥಿ’ ಚಿತ್ರದಲ್ಲಿ ಮಂಡ್ಯ ಸೀಮೆಯ ಹಳ್ಳಿಗರೇ ಪಾತ್ರ ವಹಿಸಿ ತಮ್ಮ ಮಾತನ್ನೇ ಆಡಿದರು; ಅದಕ್ಕೆ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ದೊರೆಯಿತು. 2022ರ ‘ಕಾಂತಾರ’ದಲ್ಲಿ ನಾಯಕನೇ ಕರಾವಳಿಯ ಕನ್ನಡವನ್ನಾಡಿದನು, ಬೀದರದಿಂದ ಚಾಮರಾಜನಗರದವರೆಗೆ ಜನರು ಅದನ್ನು ಮುಗಿಬಿದ್ದು ನೋಡಿದರು.

ಆದುದರಿಂದ ನಮ್ಮ ಬೇಡಿಕೆಯು ದೊಡ್ಡದೇನಲ್ಲ. ಯಾವ ಸೀಮೆಯ ಕಥೆಯೋ ಆ ಸೀಮೆಯವರಿಂದ ಸಂಭಾಷಣೆಯನ್ನು ಬರೆಯಿಸಿರಿ. ಅಲ್ಲಿಯ ನಟರಿಗೆ ಅವಕಾಶವನ್ನು ಕೊಡಿರಿ; ಹೊರಗಿನವನೇ ಬೇಕಾದರೆ ಅವನು ಕೆಲಕಾಲ ಆ ಊರಿನಲ್ಲಿದ್ದು ಕಿವಿಗೊಟ್ಟು ಕಲಿಯಲಿ. ಉತ್ತರದ ನುಡಿಯನ್ನು ಹಾಸ್ಯಗಾರನಿಗಷ್ಟೇ ಅಲ್ಲ, ನ್ಯಾಯಾಧೀಶನಿಗೂ ವೈದ್ಯನಿಗೂ ಕೊಡಿರಿ. ನಮ್ಮ ಶಿಕ್ಷಕ ಬಂಧುಗಳಾದರೂ ತರಗತಿಯಲ್ಲಿ ಯಾವ ಮಗುವಿನ ಮನೆಮಾತಿಗೂ ನಗೆಯೇಳದಂತೆ ಇಂದಿನಿಂದಲೇ ನೋಡಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ.