ಕೊಪ್ಪದ ಬಸ್ ನಿಂತದ್ದು ಹೇಗೆ? ಸಿಂಧನೂರು, ಮಸ್ಕಿ, ಲಿಂಗಸುಗೂರಿನವರು ನೋಡಬೇಕಾದ ಲೆಕ್ಕ



ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ 'ಸಹಕಾರ ಸಾರಿಗೆ' ಎಂಬ ಬಸ್ ಸಂಸ್ಥೆ ಇತ್ತು. ಸಿಂಹನಗದ್ದೆ ಬಸದಿಯ ದರ್ಶನಕ್ಕೆಂದು ನರಸಿಂಹರಾಜಪುರಕ್ಕೆ ಹೋದ ನಮ್ಮ ಎಷ್ಟೋ ಕುಟುಂಬಗಳು ಆ ಬಸ್ಸುಗಳಲ್ಲಿ ಓಡಾಡಿವೆ. ಬಸ್ಸಿನ ಹೆಸರು ಮಾತ್ರ ಹೆಚ್ಚಿನವರಿಗೆ ನೆನಪಿರಲಿಕ್ಕಿಲ್ಲ. 2020ರ ಫೆಬ್ರವರಿ ಮಧ್ಯಭಾಗದಲ್ಲಿ ಈ ಸಂಸ್ಥೆ ತನ್ನ ಬಸ್ಸುಗಳನ್ನು ನಿಲ್ಲಿಸಿತು. ಮಾರ್ಚ್ 4ಕ್ಕೆ ದ್ವಿತೀಯ ಪಿಯುಸಿ ಪರೀಕ್ಷೆ ಶುರುವಾಗುವುದಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಒಳಹಳ್ಳಿಗಳ ಮಕ್ಕಳಿಗೆ ಬೆಳಗಿನ ಬಸ್ಸೇ ಇಲ್ಲವಾಯಿತು. ಅದಾಗಿ ಐದೇ ವಾರಕ್ಕೆ ಕೊರೋನಾ ಲಾಕ್‌ಡೌನ್ ಬಂದು, ರಾಜ್ಯದ ಎಲ್ಲ ಬಸ್ಸುಗಳೂ ನಿಂತಾಗ ಕೊಪ್ಪದ ಸುದ್ದಿ ಮರೆತೇ ಹೋಯಿತು.

ಐದಾರು ವರ್ಷ ಹಳೆಯ, ಅದೂ ಮಲೆನಾಡಿನ ವಿಷಯ ರಾಯಚೂರು ಜಿಲ್ಲೆಯವರಿಗೆ ಯಾಕೆ ಬೇಕು ಎಂದು ಕೇಳಬಹುದು. ಬಸ್ ಕಂಪನಿ ಮುಳುಗುವ ರೀತಿ ಎಲ್ಲ ಕಡೆ ಒಂದೇ. ಜನರ ಕಣ್ಣಿಗೆ ಅದು ಒಂದು ರಾತ್ರಿಯಲ್ಲಿ ನಿಂತಂತೆ ಕಾಣುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ಎಷ್ಟೋ ತಿಂಗಳ ಮೊದಲೇ ನಿಂತಿರುತ್ತದೆ. ಆ ಪುಸ್ತಕ ನೋಡಲು ಸಿಗದವರು ಪ್ರಯಾಣಿಕರು, ಪಾರ್ಸೆಲ್ ಕಳಿಸುವ ವ್ಯಾಪಾರಿಗಳು ಮತ್ತು ಮುಂಗಡ ಕೊಟ್ಟು ಯಾತ್ರೆಗೆ ಬಸ್ ಗೊತ್ತು ಮಾಡುವ ನಮ್ಮಂಥ ಸಂಘದವರು.

ಕೊಪ್ಪದ ಕಥೆಯಲ್ಲಿ ಒಂದು ವಿಶೇಷವಿದೆ. ಆ ರಸ್ತೆಗಳಲ್ಲಿ ಮೊದಲು ಓಡುತ್ತಿದ್ದದ್ದು ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಖಾಸಗಿ ಕಂಪನಿ. ಮಾಲೀಕರಿಗೂ ಕಾರ್ಮಿಕರಿಗೂ ಜಗಳವಾಗಿ ಕಂಪನಿ ಮುಚ್ಚಿತು. ಕೆಲಸ ಕಳೆದುಕೊಂಡ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳೇ ಸೇರಿ 1991ರಲ್ಲಿ ಸಹಕಾರ ಸಂಘ ಕಟ್ಟಿ ತಾವೇ ಬಸ್ ಓಡಿಸಿದರು. ಬೆರಳೆಣಿಕೆಯ ಬಸ್ಸುಗಳಿಂದ ಎಪ್ಪತ್ತರ ಆಸುಪಾಸಿಗೆ ಬೆಳೆದರು. ಕಾರ್ಮಿಕರೇ ಮಾಲೀಕರಾದ ಸಾರಿಗೆ ಸಂಸ್ಥೆ ಎಂದು ಹೊರಗಿನವರು ಬಂದು ನೋಡಿ ಹೋಗುವಷ್ಟು ಹೆಸರು ಬಂತು. ಹೀಗೆ ಸುಮಾರು 29 ವರ್ಷ ನಡೆದ ಸಂಸ್ಥೆ ಅದು. ಮಾಲೀಕ ದುಡ್ಡು ಹೊಡೆದ, ಅದಕ್ಕೇ ಮುಳುಗಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವಲ್ಲ, ಇಲ್ಲಿ ಹಾಗೆ ಹೇಳಲು ಬರುವುದಿಲ್ಲ. ದುಡಿಯುವವರೇ ಮಾಲೀಕರು. ಆದರೂ ನಿಂತಿತು.

ಬಸ್ಸಿನ ಲೆಕ್ಕ ನಮ್ಮ ಅಂಗಡಿ ಲೆಕ್ಕದಂತೆ ಅಲ್ಲ. ಅಂಗಡಿಯಲ್ಲಿ ಮಾಲು ಮಾರಾಟವಾಗದಿದ್ದರೆ ನಾಳೆಗೆ ಉಳಿಯುತ್ತದೆ. ಬಸ್ಸಿನಲ್ಲಿ ಖಾಲಿ ಹೋದ ಸೀಟು ಮುಗಿದೇ ಹೋಯಿತು. ಬಸ್ ತುಂಬಲಿ ಬಿಡಲಿ, ಸಾಲದ ಕಂತು, ಮೂರು ತಿಂಗಳಿಗೊಮ್ಮೆ ಮುಂಚಿತವಾಗಿ ಕಟ್ಟುವ ತೆರಿಗೆ, ವಿಮೆ, ಸಂಬಳ ಎಲ್ಲವೂ ಬಂದೇ ಬರುತ್ತವೆ. ಇದರ ಮೇಲೆ ಡೀಸೆಲ್. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು. 2017ರ ಜೂನ್‌ನಿಂದ ದರ ದಿನವೂ ಬದಲಾಗುವ ಪದ್ಧತಿ ಬಂತು. ಊರಿಂದ ಊರಿಗೆ ನಿಲ್ಲಿಸಿ ನಿಲ್ಲಿಸಿ ಜನ ಹತ್ತಿಸುವ ಬಸ್ಸಿನ ಟಿಕೆಟ್ ದರ ಮಾತ್ರ ಸರ್ಕಾರ ಒಪ್ಪಿದಾಗಲೇ ಏರಬೇಕು. ಕೊಳ್ಳುವ ಮಾಲಿನ ದರ ದಿನಕ್ಕೊಮ್ಮೆ, ಮಾರುವ ಮಾಲಿನ ದರ ಎಷ್ಟೋ ವರ್ಷಕ್ಕೊಮ್ಮೆ. ಯಾವ ವ್ಯಾಪಾರಿ ಇದನ್ನು ತಡೆದುಕೊಳ್ಳುತ್ತಾನೆ?

ವಿದ್ಯಾರ್ಥಿ ಪಾಸಿನ ವಿಷಯವೂ ಇದೆ. ಸರ್ಕಾರಿ ನಿಗಮ ಮಕ್ಕಳಿಗೆ ರಿಯಾಯಿತಿ ಕೊಟ್ಟರೆ ಅದರಲ್ಲಿ ಸರ್ಕಾರದ ಪಾಲು ಬರುತ್ತದೆ, ತಡವಾದರೂ ಸರಿ. ಕೊಪ್ಪದವರು ಕೊಟ್ಟ ರಿಯಾಯಿತಿ ಅವರ ಮೇಲೇ ಬಿತ್ತು. ಬೆಳಿಗ್ಗೆ ಬಸ್ ಕಿಕ್ಕಿರಿದು ತುಂಬುತ್ತದೆ, ಕಂಡಕ್ಟರನ ಚೀಲ ತುಂಬುವುದಿಲ್ಲ. ಮಧ್ಯಾಹ್ನದ ಟ್ರಿಪ್ಪಿಗೆ ಬರಬೇಕಾದವರು ಬೈಕ್ ಕೊಂಡಿರುತ್ತಾರೆ.

ನಮ್ಮ ಕಡೆ ಸ್ಥಿತಿ ಬೇರೆ. ನಿಜಾಮರ ರಾಜ್ಯದಲ್ಲಿ 1932ರಲ್ಲೇ ರೈಲ್ವೆ ಇಲಾಖೆಯ ಕೈಯಲ್ಲಿ 27 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರುವಾಗಿತ್ತು. ಕರಾವಳಿ, ಮಲೆನಾಡಿನಂತೆ ಖಾಸಗಿ ಲೈನ್ ಬಸ್ಸುಗಳ ದೊಡ್ಡ ಪರಂಪರೆ ಇಲ್ಲಿ ಬೆಳೆಯಲಿಲ್ಲ. 2000ದಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ನಿಗಮವಾಯಿತು, ಈಗ ಅದೇ ಕಲ್ಯಾಣ ಕರ್ನಾಟಕ ಸಾರಿಗೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ರಸ್ತೆಯ ಮೇಲಿವೆ, 150ಎ ಹೆದ್ದಾರಿ. ಹಗಲು ಈ ರಸ್ತೆ ನಿಗಮದ ಕೆಂಪು ಬಸ್ಸುಗಳದ್ದು. ರಾತ್ರಿ ಬೆಂಗಳೂರಿಗೆ ಹೋಗುವವರಲ್ಲಿ ಬಹಳ ಜನ ಖಾಸಗಿ ಸ್ಲೀಪರ್ ಹತ್ತುತ್ತಾರೆ. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂದದ್ದು ದೊಡ್ಡ ಅನುಕೂಲ. ಮಸ್ಕಿಗೆ, ಲಿಂಗಸುಗೂರಿಗೆ ಬಸ್ಸೇ ಗತಿ.

ನಿಗಮ ಕೊಪ್ಪದ ಹಾಗೆ ಒಂದು ಬೆಳಿಗ್ಗೆ ಬಾಗಿಲು ಹಾಕುವುದಿಲ್ಲ, ಹಿಂದೆ ಸರ್ಕಾರವಿದೆ. ಆದರೆ ಲೆಕ್ಕ ಅದೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. 2025ರ ಜುಲೈಗೆ ಮಹಿಳೆಯರ ಉಚಿತ ಪ್ರಯಾಣ 500 ಕೋಟಿ ದಾಟಿತು. ಯೋಜನೆಯನ್ನು ನಾನು ತೆಗಳುವವನಲ್ಲ. ನಮ್ಮ ಅಂಗಡಿಗೆ ಹಳ್ಳಿಯ ಹೆಣ್ಣುಮಕ್ಕಳು ಮೊದಲಿಗಿಂತ ಹೆಚ್ಚು ಬರುತ್ತಿರುವುದು ಕಣ್ಣಿಗೆ ಕಾಣುತ್ತದೆ. ಪ್ರಶ್ನೆ ಇರುವುದು ಆ ಟಿಕೆಟ್ಟಿನ ಹಣ ನಿಗಮಕ್ಕೆ ಪೂರ್ತಿಯಾಗಿ, ಸಮಯಕ್ಕೆ ಸೇರುತ್ತದೆಯೇ ಎಂಬುದರಲ್ಲಿ. ನಾಲ್ಕೂ ನಿಗಮಗಳ ಭವಿಷ್ಯ ನಿಧಿ ಮತ್ತು ಇಂಧನದ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿಗೆ ಕೊಡಬೇಕಾಯಿತು. 2025ರ ಜನವರಿ 5ರಿಂದ ಟಿಕೆಟ್ ದರ ಶೇ. 15 ಏರಿತು. ಅದೇ ವರ್ಷ ಆಗಸ್ಟ್ 5ರಂದು ಸಂಬಳದ ಹಿಂಬಾಕಿಗಾಗಿ ನೌಕರರು ಮುಷ್ಕರ ಹೂಡಿದರು. ಹೈಕೋರ್ಟ್ ಮಧ್ಯೆ ಬಂದ ಮೇಲೆ ಒಂದೇ ದಿನಕ್ಕೆ ನಿಂತಿತು. ಸಾಲ ಮಾಡಿ ಹಳೆಯ ಬಾಕಿ ಕಟ್ಟುವುದು ಯಾವ ವ್ಯಾಪಾರಕ್ಕೂ ಒಳ್ಳೆಯ ಲಕ್ಷಣವಲ್ಲ ಎಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಇಂಥ ಸಂಸ್ಥೆ ಬೀಳುವುದಿಲ್ಲ, ಸವೆಯುತ್ತದೆ. ಹಳೆಯ ಬಸ್ ಬದಲಾಗುವುದಿಲ್ಲ, ಹಳ್ಳಿಯ ಕೊನೆಯ ಟ್ರಿಪ್ ಸದ್ದಿಲ್ಲದೆ ರದ್ದಾಗುತ್ತದೆ.

ಖಾಸಗಿ ರಾತ್ರಿ ಬಸ್ಸುಗಳದ್ದು ಹಾಗಲ್ಲ, ಅವು ನಿಂತರೆ ನಿಂತವೇ. ಬಸ್ಸುಗಳು ಸಾಮಾನ್ಯವಾಗಿ ಸಾಲದ ಮೇಲೆ ಬಂದಿರುತ್ತವೆ, ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸಿನದೋ ಹೆಸರಿರುತ್ತದೆ. ಕಂತು ತಪ್ಪಿದರೆ ಮೊದಲು ಬಂದು ಬಸ್ ಎಳೆದುಕೊಂಡು ಹೋಗುವವರು ಅವರು. ನಮ್ಮ ಟಿಕೆಟ್, ನಮ್ಮ ಮುಂಗಡ ಅವರಿಗೆ ಸಂಬಂಧವಿಲ್ಲ.

ಕೆಲ ವರ್ಷಗಳ ಹಿಂದೆ ಬೆಂಗಳೂರಿನಿಂದ ನನಗೆ ಬರಬೇಕಿದ್ದ ಎರಡು ಗಂಟು ಬಟ್ಟೆ ಹೀಗೇ ಸಿಕ್ಕಿಕೊಂಡಿತು. ಟ್ರಾವೆಲ್ಸ್ ಆಫೀಸಿನ ಶಟರ್ ಕೆಳಗೆ, ಫೋನ್ ಬಂದ್. ಕೈಯಲ್ಲಿ ಬಿಲ್ಟಿ ಇದ್ದುದರಿಂದ ಗೋದಾಮಿನ ಮಾಲೀಕನಿಗೆ ತೋರಿಸಿ ಹನ್ನೊಂದನೇ ದಿನ ಬಿಡಿಸಿಕೊಂಡೆ. ಡ್ರೈವರ್ ಪರಿಚಯದವನು ಎಂದು ಚೀಟಿಯಿಲ್ಲದೆ ಡಿಕ್ಕಿಯಲ್ಲಿ ಹಾಕಿಸಿದ್ದ ಪಕ್ಕದ ಅಂಗಡಿಯವರ ಮಾಲು ಇವತ್ತಿಗೂ ಬಂದಿಲ್ಲ.

ಕಾನೂನಿನಲ್ಲಿ ನಮ್ಮ ಜಾಗ ಎಲ್ಲಿ? ನೋಂದಾಯಿತ ಕಂಪನಿಯಾಗಿದ್ದರೆ 2016ರ ದಿವಾಳಿ ಸಂಹಿತೆ ಅನ್ವಯಿಸುತ್ತದೆ. ಕಂಪನಿಯ ಆಸ್ತಿ ಮಾರಿದ ಹಣದಲ್ಲಿ ಮೊದಲು ಪ್ರಕ್ರಿಯೆಯ ಖರ್ಚು, ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಇಟ್ಟುಕೊಂಡ ಬ್ಯಾಂಕುಗಳು, ಆಮೇಲೆ ಉಳಿದ ನೌಕರರು, ಅಡಮಾನವಿಲ್ಲದೆ ಸಾಲ ಕೊಟ್ಟವರು, ಸರ್ಕಾರದ ತೆರಿಗೆ. ಇಷ್ಟೂ ಮುಗಿದು ಏನಾದರೂ ಉಳಿದರೆ ಟಿಕೆಟ್ ಕೊಂಡವರ ಸರದಿ. ಅದಕ್ಕೂ ಎಷ್ಟು ಕಾಲ ಬೇಕು ನೋಡಿ: ಜೆಟ್ ಏರ್‌ವೇಸ್ ವಿಮಾನ ಹಾರಾಟ ನಿಲ್ಲಿಸಿದ್ದು 2019ರ ಏಪ್ರಿಲ್ 17ಕ್ಕೆ. ಕಂಪನಿಯ ಆಸ್ತಿ ಮಾರಿ ಮುಗಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ನವೆಂಬರ್‌ನಲ್ಲಿ. ಐದೂವರೆ ವರ್ಷ!

ಸಣ್ಣ ಟ್ರಾವೆಲ್ಸ್‌ಗಳು ಹಲವು ಸಲ ಒಬ್ಬರ ಹೆಸರಿನವು ಅಥವಾ ಪಾಲುದಾರಿಕೆಯವು. ಅಲ್ಲಿ ಮಾಲೀಕರ, ಪಾಲುದಾರರ ಸ್ವಂತ ಆಸ್ತಿಯೂ ಹೊಣೆಗೆ ಬರುತ್ತದೆ, ಆದ್ದರಿಂದ ರಸೀದಿಯಲ್ಲಿ ಯಾರ ಹೆಸರಿದೆ ಎಂಬುದು ಮುಖ್ಯ. ಬರೀ ಟ್ರಾವೆಲ್ಸ್ ಹೆಸರು ದೊಡ್ಡದಾಗಿ ಬರೆದು, ಕೆಳಗೆ ಯಾರ ಸಹಿಯೂ ಇಲ್ಲದ ಚೀಟಿ ಹಿಡಿದುಕೊಂಡು ಯಾರ ಮನೆಗೆ ಹೋಗುತ್ತೀರಿ? ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿದರೂ ನಡೆಯುತ್ತದೆ. ಟಿಕೆಟ್ ಹಣ ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ದೂರು ಕೊಟ್ಟು ವಾಪಸ್ ಕೇಳುವ ದಾರಿಯೂ ಇದೆ, ತಡ ಮಾಡಬಾರದು ಅಷ್ಟೆ. ಏಜೆಂಟನ ಕೈಗೆ ನಗದು ಕೊಟ್ಟವರಿಗೆ ಆ ದಾರಿ ಇಲ್ಲ.

ನಮ್ಮವರಲ್ಲಿ ಇನ್ನೊಂದು ರೂಢಿ ಇದೆ. ಬಸ್ ಮಾಲೀಕರಿಗೆ ಬಡ್ಡಿಗೆ ಕೈಗಡ ಕೊಡುವುದು. ದಿನವೂ ನಗದು ಬರುವ ವ್ಯಾಪಾರ ಎಂಬ ಧೈರ್ಯ. ದಿನವೂ ನಗದು ಬರುತ್ತದೆ ನಿಜ, ದಿನವೂ ಡೀಸೆಲ್ ಬಂಕಿಗೆ ಹೋಗುತ್ತದೆ. ಮಾರುಕಟ್ಟೆಗಿಂತ ಹೆಚ್ಚು ಬಡ್ಡಿ ಕೊಡುತ್ತೇನೆ ಎಂದು ಬಸ್ಸಿನವನು ಬಂದರೆ, ಬ್ಯಾಂಕು ಅವನಿಗೆ ಯಾಕೆ ಕೊಡಲಿಲ್ಲ ಎಂದು ಕೇಳಬೇಕು.

ಲಕ್ಷಣಗಳು ಹೊರಗೂ ಕಾಣುತ್ತವೆ. ಡ್ರೈವರುಗಳು ತಿಂಗಳಿಗೊಬ್ಬರು ಬದಲಾಗುತ್ತಾರೆ. ಟೈರ್ ಅಂಗಡಿಯವರು ಉದ್ರಿ ನಿಲ್ಲಿಸಿರುತ್ತಾರೆ, ಊರಲ್ಲಿ ಈ ಸುದ್ದಿ ತಿಳಿಯದೆ ಇರುವುದಿಲ್ಲ. ಬಸ್ಸಿನ ನಂಬರ್ ಇದ್ದರೆ ಎಂ-ಪರಿವಾಹನ್ ಆ್ಯಪಿನಲ್ಲಿ ಅದರ ವಿಮೆ, ಫಿಟ್‌ನೆಸ್, ತೆರಿಗೆ ಯಾವ ತಾರೀಖಿನವರೆಗೆ ಇದೆ ಎಂದು ನೋಡಬಹುದು. ತೆರಿಗೆ ಕಟ್ಟಲಾಗದ ಬಸ್ಸಿನ ಮಾಲೀಕ ನಮ್ಮ ಮುಂಗಡವನ್ನು ಯಾವುದಕ್ಕೆ ಬಳಸುತ್ತಾನೆ ಎಂದು ಬಿಡಿಸಿ ಹೇಳಬೇಕೇ?

ಚಾತುರ್ಮಾಸ ಮುಗಿದ ಮೇಲೆ ಹೊಂಬುಜ, ಸಿಂಹನಗದ್ದೆ, ಕಾರ್ಕಳ, ಶ್ರವಣಬೆಳಗೊಳ ಯಾತ್ರೆಗಳಿಗೆ ನಮ್ಮ ಮೂರೂ ಊರುಗಳ ಸಂಘಗಳು ಬಸ್ ಗೊತ್ತು ಮಾಡುತ್ತವೆ. ಪೂರ್ತಿ ಹಣ ಮೊದಲೇ ಕೊಟ್ಟರೆ ಒಂದಿಷ್ಟು ಬಿಡುತ್ತೇವೆ ಎಂಬ ಮಾತಿಗೆ ಬೀಳಬಾರದು. ಬಸ್ ನಂಬರ್ ಬರೆಸಿಕೊಂಡು, ಸ್ವಲ್ಪ ಮುಂಗಡವನ್ನು ಬ್ಯಾಂಕ್ ಮೂಲಕ ಕೊಟ್ಟು, ಉಳಿದದ್ದನ್ನು ಬಸ್ ಬಂದು ನಿಂತ ಮೇಲೆ ಒಂದು ಕಂತು, ವಾಪಸ್ ಊರು ಮುಟ್ಟಿದ ಮೇಲೆ ಇನ್ನೊಂದು ಕಂತು ಎಂದು ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು. ಹಿರಿಯರು, ಮಕ್ಕಳು ಕೂತಿರುವ ಬಸ್ಸು ಡೀಸೆಲ್ಲಿಗೆ ದುಡ್ಡಿಲ್ಲದೆ ಹರಿಹರದ ಬಂಕಿನಲ್ಲಿ ನಿಂತರೆ, ಆ ಕೊನೆಯ ಕಂತು ನಮ್ಮ ಕೈಯಲ್ಲೇ ಇರಬೇಕು.